ಕಿವಿ ಟೆಸ್ಟ್ ರಿಪೋರ್ಟ್ ಓದುವುದು ಹೇಗೆ?

ನಮ್ಮ ದೊಡ್ಡಪ್ಪ ಚಿಕ್ಕಬಳ್ಳಾಪುರದ ಹತ್ತಿರ ಒಂದು ಜಲ್ಲಿ ಕ್ರಷರ್‌ನಲ್ಲಿ 18 ವರ್ಷ ದುಡಿದವರು. ದೊಡ್ಡಮ್ಮ ‘ಸೊಪ್ಪು ತನ್ನಿ’ ಅಂದರೆ ಸಂತೆಯಿಂದ ಉಪ್ಪು ತರುತ್ತಿದ್ದರು. ವಯಸ್ಸಾಯ್ತು, ಮರೆವು ಅಂದುಕೊಂಡೆವು. ಕೊನೆಗೆ ಕಿವಿ ಟೆಸ್ಟ್ ಮಾಡಿಸಿದೆವು. ರಿಪೋರ್ಟ್ ಮಡಚಿ ಜೇಬಿಗಿಟ್ಟುಕೊಂಡು ‘ನನ್ನ ಕಿವಿ ಹೋಯ್ತು ಬಿಡಪ್ಪ’ ಅಂದರು. ಹೋಗಿರಲಿಲ್ಲ. ಆ ಹಾಳೆಯಲ್ಲಿ ಏನಿತ್ತು ಅಂತ ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ, ಅಷ್ಟೆ.

ಮೊದಲು ಗ್ರಾಫ್ ನೋಡಿ. ಎಡತುದಿಯಲ್ಲಿ 250 ಹರ್ಟ್ಜ್, ಅಂದರೆ ದಪ್ಪ ದನಿ. ಬಲತುದಿಯಲ್ಲಿ 8000, ಕೀರಲು ದನಿ. ಮೇಲಿನಿಂದ ಕೆಳಕ್ಕೆ ಡೆಸಿಬಲ್, ಅಂದರೆ ಸದ್ದು ಎಷ್ಟು ಜೋರು ಅನ್ನುವ ಅಳತೆ. ಗುರುತು ಕೆಳಗಿಳಿದಷ್ಟೂ ಆ ಕಿವಿಗೆ ಜೋರು ಸದ್ದು ಬೇಕು. ಕೆಂಪು ಸೊನ್ನೆ ಬಲಗಿವಿ, ನೀಲಿ ಇಂಟು ಎಡಗಿವಿ. ದೊಡ್ಡವರಿಗೆ 25ರ ಒಳಗಿದ್ದರೆ ಸರಿಯಾಗಿದೆ ಅಂತ ಸಾಮಾನ್ಯ ಲೆಕ್ಕ. 40ರವರೆಗೆ ಅಲ್ಪ ಕಿವುಡು, 55ರವರೆಗೆ ಮಧ್ಯಮ, 70ರವರೆಗೆ ಮಧ್ಯಮಕ್ಕಿಂತ ಜಾಸ್ತಿ, 70 ದಾಟಿದರೆ ತೀವ್ರ. ಒಂದು ಮಾತು ನೆನಪಿರಲಿ, ಇದು ಶೇಕಡಾ ಲೆಕ್ಕ ಅಲ್ಲ. 40 ಡೆಸಿಬಲ್ ಅಂದರೆ ನೂರಕ್ಕೆ ನಲವತ್ತು ಪಾಲು ಕಿವಿ ಹೋಯ್ತು ಅಂತಲ್ಲ.

ಇನ್ನು ಮುಖ್ಯವಾದದ್ದು. ಟೆಸ್ಟ್‌ನಲ್ಲಿ ಹೆಡ್‌ಫೋನ್ ಹಾಕಿ ಒಮ್ಮೆ ಕೇಳಿಸುತ್ತಾರೆ. ಕಿವಿ ಹಿಂದಿನ ಮೂಳೆಗೆ ಪುಟ್ಟ ಯಂತ್ರ ಒತ್ತಿ ಇನ್ನೊಮ್ಮೆ ಕೇಳಿಸುತ್ತಾರೆ. ಹಾಗಾಗಿ ಒಂದೊಂದು ಕಿವಿಗೂ ಎರಡು ಗೆರೆ. ಮೂಳೆಯ ಗೆರೆ ಮೇಲೆ ಚೆನ್ನಾಗಿದ್ದು, ಹೆಡ್‌ಫೋನ್ ಗೆರೆ 10 ಡೆಸಿಬಲ್‌ಗಿಂತ ಜಾಸ್ತಿ ಕೆಳಗಿದೆಯಾ? ಹಾಗಾದರೆ ಒಳಗಿವಿ ಚೆನ್ನಾಗಿದೆ, ಸದ್ದು ಅಲ್ಲಿಗೆ ಹೋಗುವ ದಾರಿ ಕಟ್ಟಿಕೊಂಡಿದೆ. ಗುಗ್ಗೆ ಇರಬಹುದು, ಕಿವಿಯ ತಮಟೆ ತೂತಾಗಿರಬಹುದು, ಅದರ ಹಿಂದೆ ನೀರು ನಿಂತಿರಬಹುದು. ಬಹಳ ಸಲ ಇದನ್ನು ಔಷಧಿಯಿಂದಲೋ ಆಪರೇಷನ್‌ನಿಂದಲೋ ಸರಿಪಡಿಸಬಹುದು. ಎರಡು ಗೆರೆಯೂ ಜೊತೆಗೇ ಕೆಳಗಿಳಿದಿದ್ದರೆ ತೊಂದರೆ ಒಳಗಿವಿಯದ್ದು ಇಲ್ಲವೇ ನರದ್ದು. ಇದು ಸಾಮಾನ್ಯವಾಗಿ ಔಷಧಿಗೆ ವಾಪಸ್ ಬರುವುದಿಲ್ಲ, ಆದರೆ ಕಿವಿ ಮಷಿನ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಡಾಕ್ಟರ್ ಹತ್ತಿರ ಒಂದೇ ಪ್ರಶ್ನೆ ಕೇಳಲು ಸಮಯ ಇದ್ದರೂ ಇದನ್ನೇ ಕೇಳಿ: ‘ಎರಡು ಗೆರೆ ಮಧ್ಯೆ ಅಂತರ ಇದೆಯಾ ಸಾರ್?’

ದೊಡ್ಡಪ್ಪನಿಗೆ ಅಂತರ ಇರಲಿಲ್ಲ. ಗೆರೆ 2000ದವರೆಗೆ ಮೇಲೇ ಇದ್ದು, 4000ದಲ್ಲಿ ಗುಂಡಿಗೆ ಬಿದ್ದಂತೆ 60ಕ್ಕೆ ಇಳಿದು, 8000ದಲ್ಲಿ ಮತ್ತೆ ಎದ್ದಿತ್ತು. ವರ್ಷಗಟ್ಟಲೆ ಜೋರು ಸದ್ದಿನಲ್ಲಿ ದುಡಿದ ಕಿವಿಯ ಗುರುತು ಇದು. ವಯಸ್ಸಿನಿಂದ ಆದದ್ದಾದರೆ ಗೆರೆ ಸಾಮಾನ್ಯವಾಗಿ ಬಲಕ್ಕೆ ಇಳಿಜಾರಾಗಿ ಇಳಿಯುತ್ತಾ ಹೋಗುತ್ತದೆ. ‘ಸ’ ಕೀರಲು ದನಿಯ ಅಕ್ಷರ, ಅದು ಆ ಗುಂಡಿಯಲ್ಲಿ ಬಿದ್ದುಹೋಗುತ್ತದೆ. ಉಳಿಯುವುದು ‘ಒಪ್ಪು’. ಮನಸ್ಸು ಅದನ್ನು ಉಪ್ಪು ಮಾಡಿಕೊಳ್ಳುತ್ತದೆ. ‘ಮಾತು ಕೇಳ್ಸುತ್ತೆ, ಅರ್ಥ ಆಗಲ್ಲ’ ಅಂತ ಹಿರಿಯರು ಹೇಳಿದರೆ ಗದರಬೇಡಿ, ಅವರು ಇದ್ದದ್ದನ್ನೇ ಹೇಳುತ್ತಿದ್ದಾರೆ.

ಟಿಂಪನೋಗ್ರಾಂ (ಕಿವಿಯಲ್ಲಿ ಗಾಳಿ ಒತ್ತಡ ಬದಲಿಸಿ ತಮಟೆ ಎಷ್ಟು ಅಲುಗುತ್ತದೆ ಅಂತ ನೋಡುವ ಟೆಸ್ಟ್) ಹಾಳೆಯೂ ಇದ್ದರೆ: ನಡುವೆ ಗುಡ್ಡದಂತೆ ಎದ್ದಿದ್ದರೆ ಅದು ‘ಎ’, ಸಾಮಾನ್ಯ. ಚಪ್ಪಟೆಯಾಗಿದ್ದರೆ ‘ಬಿ’, ತಮಟೆ ಹಿಂದೆ ನೀರು, ತೂತು ಅಥವಾ ಗುಗ್ಗೆ ಇರಬಹುದು. ಗುಡ್ಡ ಎಡಕ್ಕೆ ಸರಿದಿದ್ದರೆ ‘ಸಿ’, ಒಳಗಿನ ಗಾಳಿ ಒತ್ತಡ ಕಡಿಮೆ.

ಹುಟ್ಟಿದ ಮಗುವಿನ ಟೆಸ್ಟ್‌ನಲ್ಲಿ ‘ರೆಫರ್’ ಅಂತ ಬಂದರೆ ಕಿವುಡು ಅಂತಲ್ಲ. ಕಿವಿಯಲ್ಲಿ ನೀರಿನಂಶ ಇದ್ದರೂ ಹಾಗೆ ಬರುತ್ತದೆ. ಆದರೆ ಮತ್ತೆ ಟೆಸ್ಟ್ ಮಾಡಿಸುವುದನ್ನು ಬಿಡಬೇಡಿ, ಮೂರು ತಿಂಗಳೊಳಗೆ ಖಚಿತವಾಗಬೇಕು.

ಒಂದು ಕಿವಿ ರಾತ್ರೋರಾತ್ರಿ ಕೇಳಿಸದಂತಾದರೆ ಎಣ್ಣೆ ಬಿಟ್ಟುಕೊಂಡು ಕೂರಬೇಡಿ. ಅದೇ ದಿನ ಜಿಲ್ಲಾಸ್ಪತ್ರೆಯ ಇಎನ್‌ಟಿ ವಿಭಾಗಕ್ಕೆ ಹೋಗಿ. ಸ್ಟೀರಾಯ್ಡ್ ಚಿಕಿತ್ಸೆ ಬೇಗ ಶುರುವಾದರೆ ಕಿವಿ ಉಳಿಯುವ ಅವಕಾಶ ಜಾಸ್ತಿ.

ಇನ್ನೊಂದು ವಿಷಯ. ದೊಡ್ಡಪ್ಪ ಮೊದಲ ಸಲ ರಾತ್ರಿ ಪಾಳಿ ಮುಗಿಸಿ ನೇರ ಟೆಸ್ಟ್‌ಗೆ ಹೋಗಿದ್ದರು. ಸದ್ದಿಗೆ ದಣಿದ ಕಿವಿ ಸ್ವಲ್ಪ ಹೊತ್ತು ಮಂದವಾಗಿಯೇ ಇರುತ್ತದೆ. ಎರಡು ದಿನ ರಜೆ ಹಾಕಿ, ಗುಗ್ಗೆ ತೆಗೆಸಿ ಮತ್ತೆ ಹೋದಾಗ 60 ಇದ್ದದ್ದು 50 ಆಯಿತು. ಎರಡೂ ಹಾಳೆ ಈಗ ರೇಷನ್ ಕಾರ್ಡ್ ಇಡುವ ಕವರಿನಲ್ಲಿವೆ. ಮುಂದಿನ ವರ್ಷದ ಟೆಸ್ಟ್‌ಗೆ ಆ 50ರ ಹಾಳೆಯನ್ನು ಪಕ್ಕದಲ್ಲಿಟ್ಟು ನೋಡುತ್ತೇವೆ.