ಮಣ್ಣಲ್ಲಿ ಸಿಕ್ಕ ಹಳೇ ಗುಂಡು: ತೊಳೆಯೋದು, ಇಡೋದು

ನಂದು ಚಿತ್ರದುರ್ಗದಲ್ಲಿ ಬ್ಯಾಟರಿ ಅಂಗಡಿ. ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕ ಹಳೇ ಫಿರಂಗಿ ಗುಂಡು, ಬಂದೂಕಿನ ಗುಂಡು ಹಿಡಿದು ಬರುವವರು "ಅಣ್ಣಾ, ಇದಕ್ಕೆ ಹೊಳಪು ಬರಿಸೋದು ಹೇಗೆ?" ಅಂತಾರೆ. ಹೊಳಪು ಯಾಕೆ ಬೇಕು? ಮೊದಲು ಚೀಟಿ ಬರೆಯಿರಿ. ಊರು, ಸರ್ವೆ ನಂಬರ್, ಎಷ್ಟು ಆಳ, ಪಕ್ಕದಲ್ಲಿ ಏನಿತ್ತು. 1779ರಲ್ಲಿ ಹೈದರಾಲಿ ಕೋಟೆ ಹಿಡಿದಾಗಿನದು ಅಂತ ಎಲ್ಲರೂ ಹೇಳುತ್ತಾರೆ. ಸಿಕ್ಕ ಜಾಗವೇ ಗೊತ್ತಿಲ್ಲದಿದ್ದರೆ ಅದು ಸುಮ್ನೆ ಮಾತು.

ಕೋಟೆ ಕೇಂದ್ರ ಪುರಾತತ್ವ ಇಲಾಖೆಯದು, ಅಲ್ಲಿ ಅಗೆಯುವ ಹಾಗೇ ಇಲ್ಲ. ನಿಮ್ಮ ಹೊಲದಲ್ಲೇ ಸಿಕ್ಕರೂ ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಿ. 1972ರ ಕಾಯ್ದೆಯಲ್ಲಿ ನೂರು ವರ್ಷ ದಾಟಿದ್ದು ಪುರಾತನ ವಸ್ತು, ಪರವಾನಗಿ ಇಲ್ಲದೆ ಮಾರುವಂತಿಲ್ಲ. ಅವರು ಇಟ್ಟುಕೊಳ್ಳಿ ಅಂದರೆ ಮಾತ್ರ ಮುಂದಿನದು.

ಇನ್ನೊಂದು ವಿಷಯ. ನುಣ್ಣಗೆ ಗುಂಡಗಿರುವ ಕಬ್ಬಿಣದ್ದೆಲ್ಲ ಫಿರಂಗಿ ಗುಂಡಲ್ಲ. ಗಣಿ, ಸಿಮೆಂಟ್ ಕಾರ್ಖಾನೆಗಳ ಬಾಲ್ ಮಿಲ್‌ನಲ್ಲಿ ಕಲ್ಲು ಪುಡಿ ಮಾಡುವ ಗುಂಡುಗಳೂ ಹೀಗೇ ಇರುತ್ತವೆ. ನನ್ನ ಹತ್ತಿರ ಬರುವುದರಲ್ಲಿ ಅವೇ ಜಾಸ್ತಿ. ಟೊಳ್ಳು ಅನ್ನಿಸಿದರೆ, ತೂತೋ ಬಿರಡೆಯೋ ಕಂಡರೆ ಮುಟ್ಟಬೇಡಿ. ಒಳಗೆ ಮದ್ದು ಇರಬಹುದು. ಪೊಲೀಸರಿಗೆ ಹೇಳಿ.

ಗಟ್ಟಿ ಕಬ್ಬಿಣದ ತುಕ್ಕು ತೆಗೆಯೋದು ನನ್ನ ಕಸುಬಿಗೆ ಹತ್ತಿರದ ಕೆಲಸ. ಪ್ಲಾಸ್ಟಿಕ್ ಬಕೆಟ್, ಲೀಟರ್ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ, 12 ವೋಲ್ಟ್ ಚಾರ್ಜರ್. ಗುಂಡಿಗೆ ಮೈನಸ್, ಸಾದಾ ಕಬ್ಬಿಣದ ಸರಳಿಗೆ ಪ್ಲಸ್. ಎರಡೂ ನೀರಲ್ಲಿರಲಿ, ಒಂದಕ್ಕೊಂದು ತಾಗಬಾರದು. ಸರಳಿನ ಬದಲು ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಬೇಡವೇ ಬೇಡ, ವಿಷದ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಬಯಲಲ್ಲೇ ಮಾಡಿ. ಮೇಲೆ ಬರುವ ಗುಳ್ಳೆ ಹೈಡ್ರೋಜನ್, ಬೀಡಿ ಹಚ್ಚಬೇಡಿ. ಕರೆಂಟ್ ಕಡಿಮೆ ಇರಲಿ, ಅವಸರ ಬೇಡ. ಪದರ ಪದರವಾಗಿ ಉದುರುತ್ತಿದ್ದರೆ ಈ ಕೆಲಸಕ್ಕೇ ಕೈ ಹಾಕಬೇಡಿ, ಗುಂಡು ಬಕೆಟ್‌ನಲ್ಲೇ ಪುಡಿಯಾಗುತ್ತದೆ.

ಆಮೇಲೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ, ನೀರು ಬದಲಾಯಿಸುತ್ತಾ ಇರಿ. ಮಣ್ಣಿನ ಉಪ್ಪು ಒಳಗೇ ಉಳಿದರೆ ತುಕ್ಕು ಮತ್ತೆ ಏಳುತ್ತದೆ. ಪೂರ್ತಿ ಒಣಗಿಸಿ ಟ್ಯಾನಿಕ್ ಆಸಿಡ್ ಬಳಿಯಿರಿ, ಮೈ ಕಪ್ಪಾಗುತ್ತದೆ. ಅಳಲೆಕಾಯಿಯಲ್ಲೂ ಇರುವುದು ಇದೇ ಒಗರು. ಕೊನೆಗೆ ತೆಳ್ಳಗೆ ಮೈಕ್ರೋ ವ್ಯಾಕ್ಸ್, ಅಂದರೆ ಹಳೇ ವಸ್ತು ಕಾಪಾಡಲು ಬಳಿಯುವ ಒಂದು ಥರದ ಮೇಣ. ವಾರ್ನಿಷ್ ಹೊಡೆದು ಮಿಂಚಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಸೀಸದ ಬಂದೂಕಿನ ಗುಂಡು ಬೇರೆಯೇ. ಮೆತ್ತನೆ ಬ್ರಷ್, ಡಿಸ್ಟಿಲ್ಡ್ ವಾಟರ್, ಅಷ್ಟೇ ಸಾಕು. ಮೇಲಿನ ಬೂದು ಪದರವೇ ಅದರ ರಕ್ಷಣೆ, ಉಜ್ಜಬೇಡಿ. ಕೈಗೆ ಗ್ಲೌಸ್ ಇರಲಿ, ಮಕ್ಕಳ ಕೈಗೆ ಸಿಗದಿರಲಿ. ಪ್ಲೈವುಡ್ ಶೋಕೇಸಲ್ಲಂತೂ ಇಡಬೇಡಿ. ಮರದಿಂದ ಹೊರಡುವ ಆಮ್ಲಕ್ಕೆ ಸೀಸ ಬೆಳ್ಳಗೆ ಪುಡಿಯಾಗುತ್ತದೆ. ಗಾಜು, ಪೇಂಟ್ ಮಾಡಿದ ಕಬ್ಬಿಣ ಆದೀತು.

ಕಬ್ಬಿಣದ ಗುಂಡು ಇಡುವ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಡಿ, ಮಳೆಗಾಲದಲ್ಲಿ ಬದಲಾಯಿಸಿ. ಹೇಗೆ ಜೋಡಿಸಬೇಕು ಅಂತ ನೋಡಬೇಕಾದರೆ ನಮ್ಮ ಚಿತ್ರದುರ್ಗದ ರಂಗಯ್ಯನ ಬಾಗಿಲಿನ ಮ್ಯೂಸಿಯಂಗೆ ಹೋಗಿ ಬನ್ನಿ. ಚೀಟಿಯನ್ನು ಗುಂಡಿನ ಪಕ್ಕದಲ್ಲೇ ಇಡಿ, ಪೆನ್ಸಿಲ್‌ನಲ್ಲೇ ಬರೆಯಿರಿ. ಇಂಕ್ ಮಾಸಿಹೋಗುತ್ತದೆ.