ಫೂಲ್‌ಸ್ಕೇಪ್ ದಸ್ತಾವೇಜಿಗೆ ಮೊಬೈಲ್ ಸ್ಕ್ಯಾನ್: ನನ್ನ ಅನುಭವ

ಮೊಬೈಲಿನಲ್ಲಿ ತೆಗೆದದ್ದು ಬರೀ ಫೋಟೋ, ಅದು ಸ್ಕ್ಯಾನ್ ಅಲ್ಲ ಎಂದು ನಮ್ಮ ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಸಾಕಷ್ಟು ಹೇಳಿಸಿಕೊಂಡಿದ್ದೇನೆ. ಹಾಗೆ ಹೇಳಿದವರೇ ಈಗ ಹಳೆ ದಸ್ತಾವೇಜುಗಳನ್ನು ಟ್ರಂಕು ಸಮೇತ ತಂದಿಡುತ್ತಾರೆ. ಕಾಸರಗೋಡು 1956ರ ನವೆಂಬರಿನಲ್ಲಿ ಕೇರಳಕ್ಕೆ ಸೇರುವ ಮೊದಲಿನ, ಕನ್ನಡದಲ್ಲಿ ಬರೆದ ಕ್ರಯಚೀಟು, ಮೂಲಗೇಣಿ (ಶಾಶ್ವತ ಗೇಣಿ) ಚೀಟುಗಳಲ್ಲಿ ನನ್ನ ಕೈಗೆ ಬಂದ ಹೆಚ್ಚಿನವು ಫೂಲ್‌ಸ್ಕೇಪ್ ಅಳತೆಯವು, ಉದ್ದ 13 ಇಂಚಿನ ಹತ್ತಿರ. ಅಂಗಡಿಯ ಸಾಮಾನ್ಯ ಸ್ಕ್ಯಾನರಿನ ಗಾಜು ಎ4, ಅಂದರೆ 11.7 ಇಂಚು. ಕೆಳಗಿನ ಮೂರು ನಾಲ್ಕು ಸಾಲು ಹೊರಗೆ ಉಳಿಯುತ್ತದೆ, ರುಜು ಇರುವುದು ಅಲ್ಲಿಯೇ. ಹೊಲಿದ ಕಟ್ಟನ್ನು ಕವುಚಿ ಹಾಕಿ ಮುಚ್ಚಳ ಒತ್ತಿದರೆ ಮಡಿಕೆಯಲ್ಲಿ ಹರಿಯುವುದು ಬೇರೆ. ಮೇಲಿನಿಂದ ನೋಡುವ ಕ್ಯಾಮರಾಕ್ಕೆ ಈ ಎರಡೂ ಉಪದ್ರವಿಲ್ಲ.

12 ಮೆಗಾಪಿಕ್ಸೆಲ್ ಚಿತ್ರದ ಉದ್ದ 4000 ಚುಕ್ಕಿ (ಪಿಕ್ಸೆಲ್). ಅಂಚು ಬಿಟ್ಟು ಲೆಕ್ಕ ಹಾಕಿದರೂ ಇಂಚಿಗೆ 270–280 ಬರುತ್ತದೆ. ಕೈಬರಹ ಓದಲಿಕ್ಕೆ 200 ಧಾರಾಳ. 50 ಮೆಗಾಪಿಕ್ಸೆಲ್ ಫೋನು ಬೇಕೆಂದೇನೂ ಇಲ್ಲ. ಅವು ಮಾಮೂಲಿಯಾಗಿ ನಾಲ್ಕು ಚುಕ್ಕಿ ಕೂಡಿಸಿ ಒಂದು ಮಾಡಿ 12ರ ಚಿತ್ರವನ್ನೇ ಕೊಡುವುದು. ಬಲ್ಬಿನ ಬೆಳಕಿನಲ್ಲಿ ಪೂರ್ತಿ 50 ಹಾಕಿದರೆ ಕಾಳುಕಾಳಾಗುತ್ತದೆ, ಫೈಲು ಮಾತ್ರ ಉಬ್ಬುತ್ತದೆ.

ಫೋನನ್ನು ಹಾಳೆಯ ಮೇಲೆ ಹಿಡಿದಿಡುವ ಸ್ಟ್ಯಾಂಡಿನಲ್ಲಿ ಹೋದ ದುಡ್ಡು ಹೇಳುತ್ತೇನೆ. ಪಿವಿಸಿ ಪೈಪಿನದು ನೋಡಲು ಚಂದ, ಆದರೆ ತೋಳು ಉದ್ದವಾದಷ್ಟೂ ತೂಗಾಡುತ್ತದೆ, ಅಕ್ಷರಕ್ಕೆ ನೆರಳಕ್ಷರ ಅಂಟುತ್ತದೆ. ಆನ್‌ಲೈನಿನಲ್ಲಿ ಸಿಗುವ ಬಳುಕುವ ಕೊಕ್ಕೆ ಹತ್ತು ನಿಮಿಷದಲ್ಲಿ ತಲೆ ತಗ್ಗಿಸುತ್ತದೆ. ಮುನ್ನೂರೋ ಮುನ್ನೂರೈವತ್ತೋ ದಂಡ. ಕೊನೆಗೆ ನಿಂತದ್ದು ಚೆನ್ನಾಗಿ ಒಣಗಿದ ಅಡಕೆ ಸಲಾಕೆ (ಅಡಕೆ ಮರದ ಸೀಳು): ದಪ್ಪ ಪ್ಲೈವುಡ್ ತುಂಡಿನ ಮೇಲೆ ಎರಡು ಕಾಲು, ಅಡ್ಡಕ್ಕೆ ಒಂದು ಪಟ್ಟಿ, ಪಟ್ಟಿಯಲ್ಲಿ ಲೆನ್ಸಿನಷ್ಟು ತೂತು. ಹಾಳೆಯ ಮೇಲಿಡುವ ಗಾಜಿನಿಂದ ಲೆನ್ಸಿಗೆ ಒಂದು ಗೇಣು ಮೂರು ಬೆರಳು, ಸುಮಾರು 27 ಸೆಂಟಿಮೀಟರ್. ಅದಕ್ಕಿಂತ ಕೆಳಗಿಳಿದರೆ ಕೆಲವು ಫೋನು ತಾನಾಗಿ ಮ್ಯಾಕ್ರೋಗೆ (ತೀರಾ ಹತ್ತಿರದ ಚಿತ್ರದ ಕ್ರಮಕ್ಕೆ) ಹಾರುತ್ತದೆ. ಅದನ್ನು ಮೊದಲೇ ಆಫ್ ಮಾಡಿಡಿ. ಫೋನು ಸಮತಟ್ಟಾಗಿದೆಯೋ ಎಂದು ನೋಡಲು ಹಾಳೆಯ ಜಾಗದಲ್ಲಿ ಸಣ್ಣ ಕನ್ನಡಿ ಇಡಿ. ಪರದೆಯ ನಟ್ಟನಡುವೆ ಲೆನ್ಸಿನ ಪ್ರತಿಬಿಂಬ ಬಂದರೆ ಸರಿ. ಷಟರ್ ಒತ್ತಲು ಹಳೆ ಇಯರ್‌ಫೋನಿನ ವಾಲ್ಯೂಮ್ ಗುಂಡಿ ಸಾಕು, ಬೆರಳು ಫೋನಿಗೆ ತಾಗಬಾರದು.

ಆಪ್ ಯಾವುದು ಎಂದು ಎಲ್ಲರೂ ಕೇಳುತ್ತಾರೆ, ಬೆಳಕು ಹೇಗೆ ಎಂದು ಯಾರೂ ಕೇಳುವುದಿಲ್ಲ. ಒಂಬತ್ತು ವಾಟಿನ ಎರಡು ಎಲ್‌ಇಡಿ ಬಲ್ಬು, ಹಾಳೆಯ ಎಡಕ್ಕೊಂದು ಬಲಕ್ಕೊಂದು, ಒಂದೂವರೆ ಅಡಿ ದೂರದಿಂದ 45 ಡಿಗ್ರಿ ಓರೆಗೆ. ಹಾಳೆಯ ತಲೆ ಬುಡಕ್ಕೆ ಇಟ್ಟರೆ ಗಾಜಿನಲ್ಲಿ ಹೊಳಪು ಬೀಳುವ ಸಂಭವ ಹೆಚ್ಚು. ಮಾಡಿನ ಲೈಟು ಆರಿಸಲೇಬೇಕು. ಗಾಜಿನಲ್ಲಿ ಫೋನಿನದೇ ಬಿಂಬ ಕಾಣದ ಹಾಗೆ ಪಟ್ಟಿಯ ಅಡಿಗೆ ಕಪ್ಪು ಚಾರ್ಟ್ ಕಾಗದ. ಅಗ್ಗದ ಬಲ್ಬಿನಲ್ಲಿ ಚಿತ್ರದ ಮೇಲೆ ಅಡ್ಡ ಪಟ್ಟೆ ಬರುವುದು ಕರೆಂಟಿನಿಂದ: ನಮ್ಮದು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಓಪನ್ ಕ್ಯಾಮರಾ ಎಂಬ ಆಪ್‌ನಲ್ಲಿ ಷಟರ್ 1/50 ಸೆಕೆಂಡಿಗೆ ಕಟ್ಟಿ, ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 100–200, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣಿಸುವ ಹೊಂದಿಕೆ) ಲಾಕ್, ಪಟ್ಟೆ ಮಾಯ. ಮಳೆಗಾಲದ ಕರೆಂಟನ್ನು ನಂಬುವ ಹಾಗಿಲ್ಲವಲ್ಲ, ಆಗ ಪವರ್‌ಬ್ಯಾಂಕಿಗೆ ಯುಎಸ್‌ಬಿ ಎಲ್‌ಇಡಿ ಪಟ್ಟಿ. ಅದು ಮಿನುಗುವುದೇ ಇಲ್ಲ, ಆದರೆ ಡಿಮ್ಮರ್ ಇರುವುದನ್ನು ಅರ್ಧಕ್ಕೆ ಇಳಿಸಿದರೆ ಪಟ್ಟೆ ಮತ್ತೆ ಹಾಜರ್.

ಎರಡೂ ಬದಿ ಬರೆದ ತೆಳು ಕಾಗದದ ಅಡಿಗೆ ಬಿಳಿ ಹಾಳೆ ಇಡುವವರೇ ಹೆಚ್ಚು. ಅದರಿಂದ ಹಿಂಬದಿಯ ಅಕ್ಷರ ಇನ್ನಷ್ಟು ಎದ್ದು ಬರುತ್ತದೆ. ಕಪ್ಪು ಹಾಳೆ ಇಡಿ. ಕಾಗದ ಸ್ವಲ್ಪ ಮಂಕಾದರೂ ಹಿಂಬದಿ ಅಡಗುತ್ತದೆ. ಮಡಿಕೆ ಚಪ್ಪಟೆಯಾಗಲು ನಾಲ್ಕು ಮಿಲ್ಲಿಯ ಗಾಜು. ಇಸ್ತ್ರಿಪೆಟ್ಟಿಗೆ ಮುಟ್ಟಿಸಬೇಡಿ, ಬಿಸಿಲಿಗೂ ಹಾಕಬೇಡಿ, ಕಾಗದ ಹಪ್ಪಳದ ಹಾಗೆ ಮುರಿಯುತ್ತದೆ. ಅಂಟಿಕೊಂಡ ಮಡಿಕೆ ಬಿಡಿಸಲು ನನ್ನದೊಂದು ಕ್ರಮ ಉಂಟು, ಅದನ್ನು ಇಲ್ಲಿ ಬರೆಯುವುದಿಲ್ಲ.

ಸ್ಕ್ಯಾನ್ ಆಪ್‌ಗಳ ಕಪ್ಪು-ಬಿಳುಪು ಫಿಲ್ಟರು ಮಾತ್ರ ದಸ್ತಾವೇಜಿನ ಶತ್ರು. ನೇರಳೆ ಮೊಹರು, ಪೆನ್ಸಿಲ್ ಗುರುತು, ಮಸುಕಾದ ರುಜು ಎಲ್ಲ ಒಂದೇ ಏಟಿಗೆ ಅಳಿಸಿಹೋಗುತ್ತದೆ. ಬಣ್ಣದ ಜೆಪೆಗ್ ಇಟ್ಟುಕೊಂಡು ಅದರಿಂದಲೇ ಪಿಡಿಎಫ್ ಕಟ್ಟುವುದು ನನ್ನ ಪದ್ಧತಿ. ಗಾತ್ರ ಇಳಿಸುವ ಆಸೆಯಿಂದ ಜೆಬಿಗ್2 ಎಂಬ ಒತ್ತುವಿಕೆಗೆ ಕೈ ಹಾಕಬೇಡಿ. ಅದು ಒಂದೇ ತರ ಕಾಣುವ ಅಕ್ಷರಗಳಿಗೆ ಒಂದೇ ಅಚ್ಚು ಬಳಸುತ್ತದೆ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ತಜ್ಞ ಡೇವಿಡ್ ಕ್ರೀಸೆಲ್ ತೋರಿಸಿಕೊಟ್ಟ ಹಾಗೆ, ಇದರಿಂದಾಗಿ ಕಚೇರಿ ಯಂತ್ರಗಳ ಸ್ಕ್ಯಾನಿನಲ್ಲಿ 6 ಇದ್ದದ್ದು 8 ಆಗಿತ್ತು. ಸರ್ವೆ ನಂಬ್ರದಲ್ಲಿ, ಜಾಗದ ಅಳತೆಯ ಸೆಂಟ್ಸಿನಲ್ಲಿ ಹಾಗಾದರೆ ಕೋರ್ಟು ಮೆಟ್ಟಿಲು ಗ್ಯಾರಂಟಿ. ವಾಟ್ಸಾಪಿನಲ್ಲಿ ಕಳಿಸುವಾಗಲೂ ಡಾಕ್ಯುಮೆಂಟ್ ಎಂದೇ ಕಳಿಸಬೇಕು. ಎಚ್‌ಡಿ ಒತ್ತದೆ ಮಾಮೂಲಿ ಫೋಟೋ ಎಂದು ಕಳಿಸಿದರೆ ಉದ್ದ ಸುಮಾರು 1600 ಚುಕ್ಕಿಗೆ ಇಳಿದು ಸಣ್ಣಕ್ಷರ ಕಲಸಿಹೋಗುತ್ತದೆ.

ಇದರ ನಡುವೆ ಬಣ್ಣದ ಆಟ ಹಿಡಿಯಿತು. ನೀರು ಕುಡಿದು ಕಂದು ಕಲೆಯಾದ ಹಾಳೆಯಲ್ಲಿ ನೀಲಿ ಶಾಯಿ ಕಾಣದಿದ್ದರೆ, ಜಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಕೆಂಪು ಚಾನೆಲ್ (ಚಿತ್ರದ ಕೆಂಪು ಬಣ್ಣದ ಪದರ) ಒಂದನ್ನೇ ಉಳಿಸಿ ನೋಡಿ. ಕಲೆ ಬಹುಪಾಲು ತೆಳುವಾಗಿ ಶಾಯಿ ಕಪ್ಪಾಗಿ ನಿಲ್ಲುತ್ತದೆ. ಕೆಂಪು ಮೊಹರಿನ ಅಡಿಯ ಬರಹಕ್ಕೂ ಅದೇ ಮದ್ದು. ನೇರಳೆ ಮೊಹರನ್ನೇ ಓದಬೇಕಾದರೆ ಹಸಿರು ಚಾನೆಲ್. ಉಬ್ಬು ಮುದ್ರೆಗೆ ಇದ್ಯಾವುದೂ ಆಗದು: ಗಾಜು ತೆಗೆದು, ಒಂದು ಬಲ್ಬು ನಂದಿಸಿ, ಇನ್ನೊಂದನ್ನು ಹಲಗೆಗೆ ಮಲಗಿಸಿದ ಹಾಗೆ ಹಿಡಿದರೆ ನೆರಳಿನಲ್ಲಿ ಮುದ್ರೆ ಎದ್ದು ಬರುತ್ತದೆ. ಹಳೆ ಅಚ್ಚಿನ ಯಕ್ಷಗಾನ ಪ್ರಸಂಗಗಳನ್ನು, ಚಿತ್ರದಲ್ಲಿನ ಅಕ್ಷರ ಓದಿ ಟೈಪು ಮಾಡುವ ತಂತ್ರಾಂಶ ಟೆಸರಾಕ್ಟಿಗೂ ಕೊಟ್ಟು ನೋಡಿದೆ. ಪದ್ಯ ಸುಮಾರಾಗಿ ಬರುತ್ತದೆ, ಒತ್ತಕ್ಷರದಲ್ಲಿ ಎಡವುತ್ತದೆ, ರಾಗ-ತಾಳದ ಸಾಲು ತಿದ್ದುವುದಕ್ಕಿಂತ ಹೊಸದಾಗಿ ಟೈಪು ಮಾಡುವುದೇ ಲೇಸು.

ಫೈಲಿಗೆ ಹೆಸರು ವರ್ಷ, ದಸ್ತಾವೇಜು ನಂಬ್ರ, ಪುಟ, ಇದೇ ಕ್ರಮದಲ್ಲಿ. ಮನೆಹೆಸರಿನಿಂದ ಶುರು ಮಾಡಿದರೆ ಆಸ್ತಿ ಪಾಲಾದ ಮೇಲೆ ಹುಡುಕಲಿಕ್ಕೆ ಆಗುವುದಿಲ್ಲ.

ಖರ್ಚು ನೆನಪಿನಿಂದ ಹೇಳುವುದಾದರೆ ಗಾಜಿಗೆ ಇನ್ನೂರೈವತ್ತು, ಬಲ್ಬು ಹೋಲ್ಡರು ವಯರು ಸೇರಿ ನಾನ್ನೂರು, ಪ್ಲೈವುಡ್ ಬಡಗಿಯ ಕೊಟ್ಟಿಗೆಯಲ್ಲಿ ಬಿದ್ದದ್ದು, ಸಲಾಕೆ ತೋಟದ್ದು. ದಂಡ ಹೋದದ್ದು ಸೇರಿಸಿದರೂ ಸಾವಿರದೈನೂರು ದಾಟಿಲ್ಲ. ಒಳ್ಳೆಯ ಹಾಳೆಯಾದರೆ ಗಂಟೆಗೆ ಎಂಬತ್ತು ತೊಂಬತ್ತು ಪುಟ ಆಗುತ್ತದೆ, ಹರಿದ ಕಟ್ಟಾದರೆ ಇಪ್ಪತ್ತಾದರೆ ಪುಣ್ಯ. ಪುಟಕ್ಕೆ ಐದು ರೂಪಾಯಿ ತೆಗೆದುಕೊಳ್ಳುತ್ತೇನೆ. ಅಂಟಿದ ಮಡಿಕೆ ಬಿಡಿಸುವುದಿದ್ದರೆ ಕ್ರಯ ಬೇರೆ, ಜಡಿಮಳೆಯ ಆಟಿ ತಿಂಗಳಲ್ಲಂತೂ ಆ ಕೆಲಸ ಒಪ್ಪಿಕೊಳ್ಳುವುದೇ ಇಲ್ಲ.