ಹೆಗಡೆಯವರು ಬೇಲಿಯಾಗದಂತೆ ನೋಡಿಕೊಂಡ ಬಗೆ

ಪುಣೆಯ ಭೋಸರಿಯಲ್ಲಿರುವ ಕಾರ್ಖಾನೆಯೊಂದರಲ್ಲಿ 11 ವರ್ಷಗಳಿಂದ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದೇನೆ. ಕಳೆದ ಮೂರು ತಿಂಗಳಲ್ಲಿ ನಮ್ಮ ವಿಭಾಗದಿಂದ ಹೋದ ಸುಮಾರು 2,000 ಇಮೇಲ್‌ಗಳ ಪೈಕಿ ಹೆಸರು ತಪ್ಪಾಗಿದೆಯೆಂಬ ದೂರು ಬಂದದ್ದು ಒಂದೇ ಒಂದು. ಮೊದಲು ವಾರಕ್ಕೆ ಎರಡು ಮೂರು ಬರುತ್ತಿದ್ದವು. ಇದಕ್ಕೆ ಕಾರಣ ಎಲ್ಲರ ಹೆಸರುಗಳಿಗೆ ನಾನು ಮಾಡಿಟ್ಟ ಪಟ್ಟಿ. ಸ್ಪೆಲ್‌ಚೆಕ್ ಇರುವಾಗ ಇಷ್ಟೆಲ್ಲ ಯಾಕೆ ಎಂದು ಕೇಳಿದವರೇ ಈಗ ಅದನ್ನು ಕೇಳಿ ಪಡೆಯುತ್ತಿದ್ದಾರೆ.

ನನ್ನ ಅನುಭವದಲ್ಲಿ ಅರ್ಧದಷ್ಟು ತಪ್ಪು ಹುಟ್ಟುವುದೇ ಸ್ಪೆಲ್‌ಚೆಕ್‌ನಿಂದ. ಹೆಗಡೆ ಎಂಬಲ್ಲಿಯ ಜಿ ಮತ್ತು ಡಿ ಅಕ್ಷರಗಳನ್ನು ಅದಲುಬದಲು ಮಾಡಿ ಅದು ಅವರನ್ನು ‘ಹೆಡ್ಜ್’, ಅಂದರೆ ಬೇಲಿ, ಮಾಡಿಬಿಡುತ್ತದೆ. ಮ್ಯಾನೇಜರ್ ಪದದಲ್ಲಿ ಎರಡನೆಯ ‘ಎ’ ಬಿದ್ದುಹೋದರೆ ದನ ಮೇಯುವ ಗೋದಲಿಯಾಗುತ್ತದೆ. ಅದೂ ಸರಿಯಾದ ಇಂಗ್ಲಿಷ್ ಪದವೇ ಆದ್ದರಿಂದ ಕೆಂಪು ಗೆರೆ ಮೂಡುವುದೇ ಇಲ್ಲ. ಮಂಗಳೂರು ಮೂಲದ ಸರಬರಾಜುದಾರರೊಬ್ಬರಿಗೆ ನಮ್ಮಿಂದ ಸುಮಾರು 1.8 ಲಕ್ಷ ರೂಪಾಯಿ ಬಾಕಿಯಿದ್ದಾಗ ಅವರಿಗೆ ಮೊಬೈಲ್‌ನಿಂದಲೇ ಪತ್ರ ಬರೆದೆ. ಅವರ ಹೆಸರನ್ನು ಪೈ ಎಂದು ಒತ್ತಿದ್ದನ್ನು ಮೊಬೈಲ್ ‘ಪೇಡ್’, ಅಂದರೆ ಹಣ ಸಂದಿದೆ, ಎಂದು ಮಾಡಿ ಕಳಿಸಿತು. ಐದೇ ನಿಮಿಷದಲ್ಲಿ ಅವರು ಫೋನ್ ಮಾಡಿ, “ಮಾರಾಯ್ರೇ, ನಾನಿನ್ನೂ ಪೇಡ್ ಆಗ್ಲಿಲ್ಲ, ಬರೀ ಪೈ” ಎಂದರು.

ದೊಡ್ಡ ಪೆಟ್ಟು ಬಿದ್ದದ್ದು ದೀರ್ಘಸೇವೆಯ ಪ್ರಶಸ್ತಿಪತ್ರಗಳ ಸಮಯದಲ್ಲಿ. ಪಟ್ಟಿಯಿಂದ ಹೆಸರು ಹುಡುಕಿ ತರುವ ಎಕ್ಸೆಲ್‌ನ ವಿ-ಲುಕಪ್ ಸೂತ್ರದ ಕೊನೆಯಲ್ಲಿ, ಸರಿಯಾಗಿ ಹೊಂದುವುದನ್ನೇ ತಾ ಎಂದು ಹೇಳುವ ಫಾಲ್ಸ್ ಪದ ಬರೆಯಲು ಮರೆತಿದ್ದೆ, ಪಟ್ಟಿಯೂ ಅಕಾರಾದಿಯಲ್ಲಿರಲಿಲ್ಲ. ಇಮೇಲ್‌ಗಳು ಹೋಗಿ, ಮುದ್ರಣವೂ ಮುಗಿದ ಮೇಲೆ ಒಬ್ಬರ ಪತ್ರದಲ್ಲಿ ಇನ್ನೊಬ್ಬರ ಹೆಸರಿರುವುದು ಗೊತ್ತಾಯಿತು. ಹತ್ತಿರ ಹತ್ತಿರ 220 ಪತ್ರಗಳನ್ನು ಮತ್ತೆ ಮುದ್ರಿಸಲು, ಕೊರಿಯರ್ ಸೇರಿ, 9,000 ರೂಪಾಯಿಯಷ್ಟಾಯಿತು. ನಿವೃತ್ತಿಗೆ ಎರಡು ವಾರವಿದ್ದ ವೆಲ್ಡರ್ ಒಬ್ಬರು ಬೇರೆಯವರ ಹೆಸರಿದ್ದ ಆ ದಪ್ಪ ಕಾಗದವನ್ನು ಮಡಿಸದೆ, ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಮೇಜಿನ ಮೇಲಿಟ್ಟರು. ಈ ಕೆಲಸವನ್ನು ಬೇರುಸಹಿತ ಸರಿಪಡಿಸಬೇಕೆಂದು ಅಂದೇ ನಿಶ್ಚಯಿಸಿದೆ.

ಎಕ್ಸೆಲ್ ಹಾಳೆಯಲ್ಲಿ ಪ್ರತಿಯೊಬ್ಬರ ಹೆಸರಿನ ಪಕ್ಕ, ಅವರು ಹೇಳಿಕೊಳ್ಳುವ ಹಾಗೆಯೇ, ಕನ್ನಡ ಲಿಪಿಯಲ್ಲಿ ಬರೆದಿಟ್ಟೆ. ನಮ್ಮ ಕಡೆಯ ಗೀತಾ ಇಂಗ್ಲಿಷಿನಲ್ಲಿ ಟಿ ಜೊತೆ ಎಚ್ ಹಾಕುತ್ತಾರೆ. ಮರಾಠಿಯವರಿಗೆ ಅದು ಥಕಾರ, ಹಾಗಾಗಿ ಅವರು ಗೀಥಾ ಎಂದು ಓದುತ್ತಾರೆ ಅಥವಾ ಎಚ್ ಅನ್ನು ಕಿತ್ತುಹಾಕುತ್ತಾರೆ. ಲಕ್ಷ್ಮಿಗೆ ಇಲ್ಲಿ ಎಕ್ಸ್ ಬಳಸುವುದು ರೂಢಿ, ಉತ್ತರ ಕರ್ನಾಟಕದ ಅನೇಕ ಲಕ್ಷ್ಮಿಯರದ್ದೂ ಅದೇ ರೂಢಿ, ಮೈಸೂರಿನ ಕಡೆಯವರದ್ದು ಬೇರೆ. ಸಂಬೋಧನೆಗೆ ಪ್ರತ್ಯೇಕ ಕಾಲಮ್ ಬೇಕೇ ಬೇಕು. ಇಲ್ಲದಿದ್ದರೆ, ಹಾಳೆಯ ಹೆಸರುಗಳನ್ನು ಪತ್ರಗಳಿಗೆ ತಾನೇ ತುಂಬುವ ಮೇಲ್ ಮರ್ಜ್, ಮೊದಲ ಹೆಸರಿನ ಕಾಲಮ್‌ನಲ್ಲಿರುವುದನ್ನೇ ಎತ್ತಿಕೊಂಡು, ಎಸ್. ಮಂಜುನಾಥರಿಗೆ ‘ಡಿಯರ್ ಎಸ್’ ಎಂದು ಬರೆದುಬಿಡಬಹುದು. ಕಿರಣ್, ಸುಮನ್ ಮುಂತಾದ ಹೆಸರುಗಳಿಗೆ ಶ್ರೀಯೋ ಶ್ರೀಮತಿಯೋ ಎಂದು ಕೇಳಿಯೇ ಬರೆದೆ. 640 ಹೆಸರುಗಳಿಗೆ ಆರು ವಾರಗಳ ಊಟದ ವಿರಾಮ ಖರ್ಚಾಯಿತು. ಈ ಹಾಳೆಗೆ ಹೊಂದದ ಹೆಸರುಗಳಿಗೆ ಬಣ್ಣ ಹಚ್ಚುವ ಸೂತ್ರವೊಂದಿದೆ. ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ನಡುವೆ, ಬರೆದದ್ದನ್ನು ಕಂಪ್ಯೂಟರಿನಿಂದಲೇ ಗಟ್ಟಿಯಾಗಿ ಓದಿಸಿಯೂ ನೋಡಿದೆ. ಬಿಟ್ಟುಹೋದ ಪದಗಳು ಚೆನ್ನಾಗಿ ಸಿಕ್ಕವು, ಆದರೆ ಆ ಇಂಗ್ಲಿಷ್ ದನಿ ಎಲ್ಲ ಹೆಸರುಗಳನ್ನೂ ಕೆಡಿಸಿ ಓದುವುದರಿಂದ ಹೆಸರಿನ ತಪ್ಪು ಹಿಡಿಯಲು ಪ್ರಯೋಜನವಾಗಲಿಲ್ಲ. ಇಮೇಲ್ 10 ನಿಮಿಷ ತಡೆದು ಹೋಗುವಂತೆ ಔಟ್‌ಲುಕ್‌ನಲ್ಲಿ ಇಟ್ಟ ನಿಯಮ ಮಾತ್ರ ಹತ್ತಾರು ಸಲ ಕಾಪಾಡಿದೆ.

ಮುಂದಿನ ತಿಂಗಳು ಮುಂಬೈ ಶಾಖೆಯ 900ರಷ್ಟು ಹೆಸರುಗಳು ನನ್ನ ಹಾಳೆಗೆ ಬರಲಿವೆ, ಅದರಲ್ಲಿ ಶೆಟ್ಟಿಯವರೇ ನಲವತ್ತಕ್ಕೂ ಹೆಚ್ಚು. ಆ ಹೆಸರಿನಲ್ಲಿ ಒಂದು ಸ್ವರ ಬದಲಾದರೆ ಎಂಥ ಪದವಾಗುತ್ತದೆಂದು ಇಂಗ್ಲಿಷ್ ಬಲ್ಲವರಿಗೆ ಗೊತ್ತು. ಆ ಪದಕ್ಕೂ ಗೋದಲಿಗೂ ಕೆಂಪು ಗೆರೆ ಬೀಳುವಂತೆ ಈಗಲೇ ಮಾಡಿಟ್ಟಿದ್ದೇನೆ.